ಕಾಲುವೆ ದಂಡೆಯ ಬೆಳಕಿನ ಪೆಟ್ಟಿಗೆ

ಬೆಳಗಿನ ಆರು ಗಂಟೆ. ಶಹಾಪುರದಾಚೆ ಕಾಲುವೆ ದಂಡೆಯ ಪುಟ್ಟ ಕೋಣೆಯಲ್ಲಿ ಬಸವಂತ್ರಾಯ ನೆಲದ ಮೇಲೆ ಕೂತು, ಕೂದಲೆಳೆಯಂಥ ಗಾಜಿನ ಎಳೆಯನ್ನು ಸ್ಪಿರಿಟಿನ ಅರಿವೆಯಿಂದ ಒರೆಸುತ್ತಿದ್ದಾರೆ. ಎದುರಿಗೆ ಕರಿಯ ಪೆಟ್ಟಿಗೆ. ಹತ್ತೊಂಬತ್ತು ವರ್ಷದಿಂದ ಅವರೇ ಕಾಯುತ್ತ ಬಂದ ಆ ಪೆಟ್ಟಿಗೆಯನ್ನು ಇವತ್ತು, ಫೋನು-ಇಂಟರ್ನೆಟ್ಟನ್ನು ಬೆಳಕಾಗಿ ಸಾಗಿಸುವ ಲೈನಿನಿಂದ ಬಿಡಿಸಬೇಕು.

ಅವರ ತಂದೆ ಹಣಮಂತ್ರಾಯ ಇದೇ ಕಾಲುವೆಯ ತೂಬು ಕಾಯುತ್ತಿದ್ದವರು. ಮೊದಲ ನೀರು ಬಂದ ವರ್ಷ ಊರಿನ ಹೆಣ್ಣುಮಕ್ಕಳು ಅರಿಷಿಣ ಕುಂಕುಮ ಹಿಡಿದು ದಂಡೆಗೆ ಓಡಿದ್ದು ಮಗನಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮುಂದೆ ಬಸವಂತ್ರಾಯ ಅದೇ ದಂಡೆಗುಂಟ ಕೇಬಲ್ ಹೂಳಲು ತಗ್ಗು ತೋಡುವ ಕೂಲಿಗೆ ಬಂದರು, ಎಳೆ ಜೋಡಿಸುವುದನ್ನು ಕಲಿತರು. ಈಗ ಐವತ್ತನಾಲ್ಕು ವಯಸ್ಸು, ದಿನಕ್ಕೆ ಮೂವತ್ತು ಕಿಲೋಮೀಟರ್ ಬೈಕಿನ ಓಡಾಟ.

"ತೂಬು ಎತ್ತಿದಾಗ ನೀರು ಒಮ್ಮಿಗೇ ಹೊಂಡತದ್ರಿ. ದೋರನಹಳ್ಳಿ ಹೊಲ ಮುಟ್ಟೂದ್ರಾಗ ಅರ್ಧ ಮುಂದ, ಅರ್ಧ ಹಿಂದ. ಬೆಳಕೂ ಹಂಗ, ದೂರ ಹೋದಂಗ ಹರಡತದ. ಒಂದು ಮಾತಿನ ಮ್ಯಾಲ ಇನ್ನೊಂದು ಬೀಳತದ" ಎನ್ನುತ್ತಾರೆ ಬಸವಂತ್ರಾಯ.

ಹರಡಿದ ಬೆಳಕನ್ನು ಮತ್ತೆ ಒಟ್ಟುಗೂಡಿಸಲೆಂದೇ ಪೆಟ್ಟಿಗೆಯೊಳಗೆ ಕಿಲೋಮೀಟರ್‌ಗಟ್ಟಲೆ ಬೇರೆ ಜಾತಿಯ ಗಾಜಿನೆಳೆ ಸುತ್ತಿಟ್ಟಿದೆ. ಈಗ ಲೈನಿನ ತುದಿಯ ಯಂತ್ರದಲ್ಲಿ ಹೊಸ ಎಲೆಕ್ಟ್ರಾನಿಕ್ ಕಾರ್ಡು ಕೂತಿದೆ. ಬೆಳಕು ಎಷ್ಟು ಹರಡಿದೆಯೆಂದು ಅಳೆದು, ಲೆಕ್ಕದಲ್ಲೇ ತಿದ್ದುತ್ತದೆ. ಪೆಟ್ಟಿಗೆ ಇನ್ನು ಬೆಳಕು ನುಂಗುವುದಷ್ಟೇ. ಯಾದಗಿರಿಯ ಇಂಜಿನಿಯರ್ ಜಲಾಲುದ್ದೀನ ತಿಂಗಳ ಹಿಂದೆಯೇ ಅದನ್ನು ತೆಗೆಯಲು ಹೇಳಿದ್ದರು. ಬಸವಂತ್ರಾಯ "ಆತ್ರಿ" ಅಂದರು, ಕೈ ಬರಲಿಲ್ಲ, ಬಿಟ್ಟರು.

ಮುಟ್ಟುವ ಬೆಳಕು ಸಾಲದೆ ಲೈನು ಮೂರು ಸಲ ಬಂದ್ ಬಿತ್ತು. ಅನುಮಾನ ಹೋದದ್ದು ಸುರಪುರದಲ್ಲಿ ಎಳೆ ಜೋಡಿಸಿದ್ದ ಮೌನಪ್ಪನ ಮೇಲೆ. ಅವನನ್ನು ಕೆಲಸದಿಂದ ನಿಲ್ಲಿಸಿದರು. ನಿನ್ನೆ ಸಂಜೆ ಬಸವಂತ್ರಾಯ ಜಲಾಲುದ್ದೀನರಿಗೆ ಫೋನು ಮಾಡಿದರು.

"ತಪ್ಪು ನಂದ್ರಿ ಸಾಹೇಬ್ರ. ಪೆಟ್ಟಿಗಿ ತಗದೇ ಇಲ್ಲ."

"ಯಾಕ್ರಿ ಕಾಕಾ, ಅದೇನ್ ಬೀಗರು ಕೊಟ್ಟ ಗಡಿಯಾರ ಏನು?"

"ಹಂಗೇ ತಿಳೀರಿ. ಆ ಹುಡುಗಗ ಏನೂ ಅನಬ್ಯಾಡ್ರಿ."

ಈಗ ಪೆಟ್ಟಿಗೆ ಬಿಡಿಸಿಯಾಗಿದೆ, ಎಳೆಗಳ ತುದಿಗಳು ನೇರ ಕೂಡಿವೆ. ಬಸವಂತ್ರಾಯ ಫೋನು ಎದುರಿಗಿಟ್ಟುಕೊಂಡು ಕಾಯುತ್ತಾರೆ. ಹೊರಗೆ ನೀರಿನ ಸಪ್ಪಳ. ಜಲಾಲುದ್ದೀನರ ಫೋನು ಬರುತ್ತದೆ. ಬೆಳಕು ಚೊಕ್ಕ ಮುಟ್ಟಿದೆ, ಸುರಪುರದ ಜೋಡಣೆಯಲ್ಲಿ ಒಂದು ದೋಷವೂ ಇಲ್ಲ, ಹುಡುಗ ಕೆಲಸಕ್ಕೆ ಮರಳಬಹುದು. ಬಸವಂತ್ರಾಯ ಮೊದಲು ಫೋನು ಮಾಡುವುದು ಮೌನಪ್ಪನಿಗೆ.

"ನಾಳಿ ಕೆಲಸಕ್ಕ ಬಾರಪ್ಪ. ನನ್ನ ತಪ್ಪು ನೀ ಹೊತ್ತಿದ್ದಿ."

ಆಮೇಲೆ ಕೈ ಒರೆಸಿಕೊಳ್ಳುತ್ತ ಹೇಳುತ್ತಾರೆ: "ಬೆಳಕ ತಿದ್ದೂದು ಮಷೀನ್ ಮಾಡಲಿ ಬಿಡ್ರಿ. ಜೋಡಸೂದು ಇನ್ನೂ ಕೈನೇ ಮಾಡಬೇಕು. ನಾ ಇರೂತನಾ ಆ ಕೈ ಮ್ಯಾಲ ಯಾರೂ ಸುಳ್ಳು ಅನುಮಾನ ಪಡಬಾರದು, ಅಷ್ಟ."