ಜೊತೆಗೆ ಬಂದವರು

ಇವತ್ತು ಬೆಳಿಗ್ಗೆ ಆರು ಗಂಟೆಗೇ ನಮ್ಮ ಅಡುಗೆಮನೆಯಿಂದ ಅಕ್ಕಿರೊಟ್ಟಿಯ ವಾಸನೆ ಬಂತು. ಸಬ್ಬಸಿಗೆ ಸೊಪ್ಪು ಹಾಕಿ ತಟ್ಟಿದ ರೊಟ್ಟಿ. ಅದು ಕೆಂಪಗಾಗುವ ಹೊತ್ತಿಗೆ ಮನೆಯಲ್ಲಿ ಯಾರೂ ಹಾಸಿಗೆಯಲ್ಲಿ ಉಳಿಯುವುದಿಲ್ಲ. ನಾನೂ ಎದ್ದು ಹೋಗಿ ತಟ್ಟೆ ಹಿಡಿದು ನಿಂತೆ. ನನ್ನ ಹೆಂಡತಿ ತಟ್ಟೆಯನ್ನು ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟಳು. "ಇವತ್ತು ಏನು ದಿನ ಅಂತ ಮರೆತ್ರಾ? ಇದೆಲ್ಲ ಟೆಸ್ಟಿಗೆ ರಕ್ತ ಕೊಟ್ಟಾದ ಮೇಲೆ," ಅಂದಳು. ರೊಟ್ಟಿಗಳು ಒಂದೊಂದಾಗಿ ನನ್ನ ಕಣ್ಣೆದುರೇ ಸ್ಟೀಲ್ ಡಬ್ಬಿ ಸೇರಿದವು. ನನ್ನ ಪಾಲಿಗೆ ಒಂದು ಲೋಟ ನೀರು ಬಂತು.

ಏಕಾದಶಿ, ಶಿವರಾತ್ರಿ ಎಂದು ಹಿಡಿದ ಉಪವಾಸಗಳನ್ನೆಲ್ಲ ನಾನು ಹನ್ನೊಂದು ಗಂಟೆಯೊಳಗೆ ಮುರಿದವನು. ಆದರೆ ವರ್ಷಕ್ಕೊಮ್ಮೆ ಬರುವ ಈ ಉಪವಾಸವನ್ನು ಹದಿನೆಂಟು ವರ್ಷದಿಂದ ತಪ್ಪಿಸಿಲ್ಲ. ಇದನ್ನು ಹಿಡಿಸಿದವರು ನನ್ನ ಅತ್ತೆ, ಅಪ್ಪನ ತಂಗಿ. ಹಿಡಿಸಿದ ರೀತಿ ಮಾತ್ರ ಅಷ್ಟು ನೇರವಾದದ್ದಲ್ಲ.

ನಮ್ಮ ಕಡೆಯ ಗಂಡಸರು ಆಸ್ಪತ್ರೆಗೆ ಹೋಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನೀವು ನಂಬಬೇಡಿ. ಧಾರಾಳವಾಗಿ ಹೋಗುತ್ತಾರೆ. ಹೆಂಡತಿಯ ಜೊತೆಗೆ ಹೋಗುತ್ತಾರೆ, ತಾಯಿಯ ಜೊತೆಗೆ ಹೋಗುತ್ತಾರೆ, ಹಸುವಿಗೆ ಕೆಚ್ಚಲು ಬಾವು ಬಂದರೆ ಹಾಲು ಕರೆಯುವುದನ್ನೂ ಬಿಟ್ಟು ಪಶು ವೈದ್ಯರ ಮನೆ ಬಾಗಿಲಲ್ಲಿ ಕೂರುತ್ತಾರೆ. ತಮಗಾಗಿ ಹೋಗುವುದು ಮಾತ್ರ ಗೊತ್ತಿಲ್ಲ. ಯಾವುದೇ ಆಸ್ಪತ್ರೆಯ ಜಗಲಿಯಲ್ಲಿ ಕೂತ ಗಂಡಸನ್ನು ಕೇಳಿ ನೋಡಿ, "ಇಲ್ಲ ಇಲ್ಲ, ನಾನು ಜೊತೆಗೆ ಬಂದಿದ್ದು" ಎಂದು ಎದೆ ಮುಂದೆ ಮಾಡಿ ಹೇಳುತ್ತಾನೆ. ನಾನೂ ಹಾಗೇ ಹೇಳುತ್ತಿದ್ದವನೇ.

ನಮ್ಮ ಮನೆತನದಲ್ಲಿ ಆರೋಗ್ಯಕ್ಕೆ ಇದ್ದದ್ದು ಒಂದೇ ಪರೀಕ್ಷೆ: ಮಾಲೇಕಲ್ಲಿನ ಬೆಟ್ಟ. ವರ್ಷಕ್ಕೊಂದು ಸಲ ವೆಂಕಟರಮಣನ ದರ್ಶನಕ್ಕೆ ಹೋದಾಗ ಮೆಟ್ಟಿಲುಗಳನ್ನು ಎಲ್ಲೂ ಕೂರದೆ ಹತ್ತಿದರೆ ಆ ಗಂಡಸು ಗಟ್ಟಿ. ನಡುವೆ ಕೂತರೆ ಮೇಲಿಂದ ಇಳಿದು ಬರುವ ನೆಂಟರೆಲ್ಲ "ಏನ್ಲಾ, ಅರ್ಧಕ್ಕೇ ಮುಗೀತಾ?" ಎಂದು ನಗುತ್ತಾರೆ. ಅಪ್ಪ ಕೊನೆಯ ವರ್ಷವೂ ಕೂರದೆ ಹತ್ತಿದ್ದರು. ಅದಾದ ಮೂರು ತಿಂಗಳಿಗೆ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ, ಹರಾಜು ನಡೆಯುತ್ತಿರುವಾಗಲೇ, ತಮ್ಮದೇ ಕೊಬ್ಬರಿ ಚೀಲಗಳ ಮೇಲೆ ಒರಗಿ ಹೋಗಿಬಿಟ್ಟರು. ಅವರಿಗೆ ಐವತ್ತೊಂದು. ನನಗಾಗ ಇಪ್ಪತ್ತೆರಡು. ಗ್ಯಾಸು ಎದೆಗೆ ಏರಿಬಿಟ್ಟಿತು ಎಂದು ಊರೆಲ್ಲ ಹೇಳಿತು. ನಾವೂ ಹಾಗೇ ನಂಬಿದೆವು, ಮುಂದೆ ಹನ್ನೆರಡು ವರ್ಷ.

ಆ ಹನ್ನೆರಡು ವರ್ಷದಲ್ಲಿ ನಾನು ಗೆಂಡೆಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾದೆ, ಮದುವೆಯಾಯಿತು, ಮಗ ಹುಟ್ಟಿದ, ಹೊಟ್ಟೆಯೂ ಸ್ವಲ್ಪ ಮುಂದೆ ಬಂತು. ಸಂಜೆಯ ತಲೆನೋವನ್ನು ಮಕ್ಕಳ ಗಲಾಟೆಯ ಲೆಕ್ಕಕ್ಕೆ ಹಾಕಿದ್ದೆ. ಹೀಗಿರುವಾಗ ಒಂದು ದಿನ ಮಾದಿಹಳ್ಳಿಯಿಂದ ಅತ್ತೆಯ ಫೋನು.

"ನಿಮ್ಮಾವ ಯಾಕೋ ಸುಸ್ತು ಸುಸ್ತು ಅಂತಾವ್ರೆ ಕಣೋ. ನಾನೇಳಿದ್ರೆ ಕೇಳಕ್ಕಿಲ್ಲ. ನೀನು ಓದ್ದೋನು, ಬೇಲೂರಿಗೆ ಕರ್ಕೊಂಡೋಗಿ ತೋರ್ಸು. ಬರೀ ಹೊಟ್ಟೇಲಿ ಬತ್ತಾರೆ. ಅವ್ರೆದುರಿಗೆ ನೀನು ತಿಂದ್ರೆ ಚೆನ್ನಾಗಿರಲ್ಲ, ನೀನೂ ಏನೂ ತಿನ್ಬೇಡ."

ಆಯಿತು ಎಂದೆ. ಅತ್ತೆ ಫೋನು ಇಟ್ಟ ಮೇಲೆ ಗಂಡನಿಗೆ ಏನು ಹೇಳಿದರು ಎನ್ನುವುದು ನನಗೆ ಗೊತ್ತಾದದ್ದು ಆಮೇಲೆ. "ನಮ್ಮಣ್ಣನ ಮಗ ತಲೆನೋವು ಅಂತಾನೆ. ಒಬ್ನೇ ಆಸ್ಪತ್ರೆಗೋಗಕ್ಕೆ ಎದೆ ಇಲ್ಲ ಅವನಿಗೆ. ನೀವು ಜೊತೇಲೋಗಿ. ಅವ್ನು ಬರೀ ಹೊಟ್ಟೇಲಿರ್ತಾನೆ, ನೀವೂ ಏನೂ ತಿನ್ಬೇಡಿ, ಪಾಪ," ಎಂದರಂತೆ.

ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಮಾವ ನನಗಿಂತ ಮೊದಲೇ ಬಂದು ನಿಂತಿದ್ದರು. ಮಡಿಕೆ ಕೆಡದ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ನನ್ನನ್ನು ಅಡಿಯಿಂದ ಮುಡಿಯವರೆಗೆ ಮರುಕದಿಂದ ನೋಡಿದರು. ನಾನೂ ಅಷ್ಟೇ ಮರುಕದಿಂದ ಅವರನ್ನು ನೋಡಿದೆ.

"ಹೆದರ್ಕಬೇಡ ಕಣೋ. ನಾನಿದೀನಿ," ಅಂದರು.

ಪಾಪ, ತಮ್ಮ ಹೆದರಿಕೆ ಮುಚ್ಚಿಕೊಳ್ಳಲು ಹೀಗನ್ನುತ್ತಿದ್ದಾರೆ ಅಂದುಕೊಂಡೆ. "ನಾನೂ ಇದೀನಲ್ಲ ಮಾವ," ಅಂದೆ.

ಆಸ್ಪತ್ರೆಯ ಕಿಟಕಿಯಲ್ಲಿ ಚೀಟಿ ಬರೆಯುವವರು ಹೆಸರು ಕೇಳಿದಾಗ ನಾನು ಮಾವನ ಹೆಸರು ಹೇಳಿದೆ, ಮಾವ ನನ್ನ ಹೆಸರು ಹೇಳಿದರು. ಅವರು ತಲೆಯೆತ್ತದೆ ಎರಡೂ ಬರೆದುಕೊಟ್ಟರು. ಒಳಗೆ ನರ್ಸಮ್ಮ ಬಿಪಿ ಪಟ್ಟಿ ಬಿಚ್ಚಿ, "ಪೇಷೆಂಟ್ ಯಾರು?" ಎಂದರು. "ಇವರು," ಎಂದು ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದೆವು. "ನಾನು ಜೊತೆಗೆ ಬಂದಿದ್ದು," ಎಂದೆ. "ನೀನೆಂಗ್ಲಾ ಜೊತೆಗೆ ಬಂದೆ? ಜೊತೆಗೆ ಬಂದಿದ್ದು ನಾನು," ಎಂದು ಮಾವ ರೇಗಿದರು. ಹಿಂದೆ ಸಾಲಿನಲ್ಲಿದ್ದ ಹೆಂಗಸರು ನಗಲು ಶುರು ಮಾಡಿದರು. ನರ್ಸಮ್ಮ ಇಂಥವರನ್ನು ಎಷ್ಟು ಜನ ನೋಡಿದ್ದರೋ, "ಜಗಳ ಬೇಡ, ಇಬ್ಬರೂ ತೋಳು ಮೇಲಕ್ಕೆ ಮಾಡಿ," ಎಂದರು.

ಮಾವನ ಬಿಪಿ ಸರಿಯಾಗಿಯೇ ಇತ್ತು. ರಕ್ತ ತೆಗೆಯುವ ಮುಂಚೆ ಏನಾದರೂ ತಿಂದಿದ್ದೀರಾ ಎಂದು ಕೇಳಿದರೆ, "ಏನೂ ಇಲ್ಲಮ್ಮ, ಬರೀ ಹೊಟ್ಟೆ," ಎಂದರು. ಆಮೇಲೆ ಪ್ರಾಮಾಣಿಕತೆ ತಡೆಯದೆ, "ಬಸ್ ಸ್ಟ್ಯಾಂಡಲ್ಲಿ ಎರಡು ಕಾಫಿ ಕುಡ್ದೆ ಅಷ್ಟೆ. ಕಾಫಿ ಏನು ಊಟವಾ?" ಎಂದು ಸೇರಿಸಿದರು. ಅವರ ಸಕ್ಕರೆ ಪರೀಕ್ಷೆ ಮುಂದಿನ ವಾರಕ್ಕೆ ಹೋಯಿತು. ನನ್ನ ಬಿಪಿಯನ್ನು ನರ್ಸಮ್ಮ ಒಂದು ಸಲ ನೋಡಿದರು, ಐದು ನಿಮಿಷ ಸುಮ್ಮನೆ ಕೂರಿಸಿ ಇನ್ನೊಂದು ಸಲ ನೋಡಿದರು, ಆಮೇಲೆ ಜಾಸ್ತಿ ಇದೆ ಎಂದು ಡಾಕ್ಟರ ಹತ್ತಿರ ಕಳಿಸಿದರು. ಎರಡು ತಿಂಗಳ ಹಿಂದಷ್ಟೇ ಮಾಲೇಕಲ್ಲನ್ನು ಎಲ್ಲೂ ಕೂರದೆ ಹತ್ತಿದ್ದವನು ನಾನು.

ಡಾಕ್ಟರು ಹೆಂಗಸು, ನನಗಿಂತ ಚಿಕ್ಕವರು. ಮಾವ ನನ್ನ ಹಿಂದೆಯೇ ಒಳಗೆ ಬಂದು ಗೋಡೆಗೆ ಒರಗಿ ನಿಂತಿದ್ದರು.

"ಮನೇಲಿ ಯಾರಿಗಾದ್ರೂ ಹಾರ್ಟ್ ತೊಂದರೆ ಇತ್ತಾ ಮೇಷ್ಟ್ರೇ?"

"ಇಲ್ಲ ಡಾಕ್ಟ್ರೇ."

"ತಂದೆಯವರು?"

"ಹೋಗ್ಬಿಟ್ರು. ಗ್ಯಾಸಿಂದ."

ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಅವತ್ತು ಏನೇನಾಯಿತು ಹೇಳಿ ಎಂದರು. ನನಗೆ ಗೊತ್ತಿದ್ದಷ್ಟು ಹೇಳಿದೆ. ಬೆಳಿಗ್ಗೆಯಿಂದ ಎದೆ ಹಿಡಿದುಕೊಂಡಿದ್ದು, ಚೀಲ ಎತ್ತಿದ್ದಕ್ಕೆ ಎಡಗೈ ನೋಯುತ್ತಿದೆ ಎಂದದ್ದು, ಮೈಯೆಲ್ಲ ಬೆವತದ್ದು, ನಿಂಬೆಹಣ್ಣಿನ ಸೋಡಾ ಕುಡಿದದ್ದು. ಹೇಳುತ್ತಾ ಹೇಳುತ್ತಾ ನನ್ನ ಕಿವಿಗೇ ಅದು ಗ್ಯಾಸಿನ ಕಥೆಯ ಹಾಗೆ ಕೇಳಿಸಲಿಲ್ಲ.

"ಹಾರ್ಟ್ ಅಟ್ಯಾಕ್ ಆಗಿರ್ಬೇಕು ಮೇಷ್ಟ್ರೇ," ಎಂದು ಮೆತ್ತಗೆ ಹೇಳಿದರು. "ತಂದೆಗೆ ಆ ವಯಸ್ಸಿಗೆ ಹಾಗಾಗಿದ್ರೆ ಮಕ್ಕಳು ಬೇಗ ಶುರು ಮಾಡ್ಬೇಕು ನೋಡ್ಕೊಳ್ಳೋಕೆ. ನೀವು ಮೂವತ್ನಾಲ್ಕಕ್ಕೆ ಬಂದಿದ್ದೀರ. ಒಳ್ಳೇ ಹೊತ್ತಿಗೇ ಬಂದಿದ್ದೀರ."

ನಾನಾಗಿ ಬಂದಿರಲಿಲ್ಲ ಎಂದು ಅವರಿಗೆ ಹೇಳಲಿಲ್ಲ.

ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕೂತೆವು. ಅತ್ತೆ ಕಟ್ಟಿಕೊಟ್ಟಿದ್ದ ಬುತ್ತಿಯನ್ನು ಇಬ್ಬರೂ ಬಿಚ್ಚಲಿಲ್ಲ. ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬಿಸಿಲಿಗೆ ಎಂದುಕೊಂಡೆ, ಆದರೆ ಒರೆಸುವುದು ನಿಲ್ಲಲಿಲ್ಲ.

"ಅವತ್ತು ಮಂಡೀಲಿ ಜೊತೇಲಿದ್ದೋನು ನಾನು, ಸೋಡಾ ಕುಡಿಸಿದ್ದೂ ನಾನೇ ಕಣೋ," ಎಂದರು. "ಆಸ್ಪತ್ರೆಗೋಗನಾ ಅಂತ ನಿಮ್ಮಪ್ಪ ಒಂದ್ ಮಾತು ಕೇಳಿದ್ರು. ಗ್ಯಾಸಿಗೆಲ್ಲ ಯಾರೋಗ್ತಾರೆ ಭಾವ, ಹರಾಜು ಮುಗೀಲಿ, ಅಂದ್ಬಿಟ್ಟೆ. ಆ ಮಾತು ನಿಮ್ಮತ್ತೆಗೂ ಹೇಳಿಲ್ಲ ಇದುವರ್ಗೂ."

ಒಂದು ಗಳಿಗೆ ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಅಪ್ಪ ಕೇಳಿದ್ದರು. ಜೀವನದಲ್ಲಿ ಒಂದೇ ಒಂದು ಸಲ ತಮಗಾಗಿ ಕೇಳಿದ್ದರು. ಆಮೇಲೆ ಇನ್ನೂ ಮುಖ ಒರೆಸಿಕೊಳ್ಳುತ್ತಲೇ ಇದ್ದ ಮಾವನನ್ನು ನೋಡಿದೆ. ಅವರ ಜಾಗದಲ್ಲಿ ನಾನಿದ್ದಿದ್ದರೂ ಅದೇ ಮಾತನ್ನೇ ಆಡುತ್ತಿದ್ದೆ, ಅದರಲ್ಲಿ ಅನುಮಾನವೇ ಇರಲಿಲ್ಲ. ಅದನ್ನೇ ಅವರಿಗೆ ಹೇಳಿದೆ. ಮಾವ ಟವೆಲ್ಲು ಮಡಿಸಿ ಹೆಗಲಿಗೆ ಹಾಕಿಕೊಂಡು, "ಮುಂದಿನ ವಾರ ನನ್ ಸಕ್ಕರೆ ನೋಡಕ್ಕೆ ಬರ್ಬೇಕಲ್ಲ, ನೀನೂ ಬತ್ತೀಯಾ?" ಎಂದರು. ಬರುತ್ತೇನೆ ಎಂದೆ.

ಅಲ್ಲಿಂದ ಶುರುವಾದದ್ದು ಇವತ್ತಿನವರೆಗೂ ನಡೆದಿದೆ. ಚೀಟಿಯ ಕಿಟಕಿಯಲ್ಲಿ ಇವತ್ತಿಗೂ ನಾನು ಮಾವನ ಹೆಸರು ಹೇಳುತ್ತೇನೆ, ಮಾವ ನನ್ನ ಹೆಸರು ಹೇಳುತ್ತಾರೆ. ವಯಸ್ಸು ಏರಿದಂತೆ ಚೀಟಿಯೂ ಉದ್ದವಾಗುತ್ತಾ ಬಂತು. ನನಗೆ ಮೊದಮೊದಲು ಬಿಪಿ ಮಾತ್ರ, ಒಂದು ಮಾತ್ರೆ, ಉಪ್ಪಿನಕಾಯಿಯ ಜಾಡಿಗೆ ನಮಸ್ಕಾರ. ನಲವತ್ತು ದಾಟಿದ ಮೇಲೆ ಸಕ್ಕರೆ, ಕೊಬ್ಬು, ಕಣ್ಣು ಸೇರಿಕೊಂಡವು. ಕರಿಹಲಗೆಯ ಮೇಲೆ ನಾನು ಬರೆದದ್ದು ನನಗೇ ಕಾಣುತ್ತಿಲ್ಲ ಎಂದು ಗೊತ್ತಾದದ್ದು ಹಾಗೆ. ಮಾವನಿಗೆ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಚಟವಿತ್ತು. ಡಾಕ್ಟರು ಪ್ರತಿ ವರ್ಷ ಬಾಯಿಗೆ ಟಾರ್ಚು ಬಿಟ್ಟು ನೋಡುತ್ತಿದ್ದರು. ಮೂರನೇ ವರ್ಷ ಕೆನ್ನೆಯ ಒಳಗೆ ಒಂದು ಬಿಳಿ ಕಲೆ ಕಂಡಿತು. ಹಾಸನಕ್ಕೆ ಹೋಗಿ ತೋರಿಸಿದೆವು, ಕೆಟ್ಟದ್ದೇನೂ ಆಗಿರಲಿಲ್ಲ. ಅವತ್ತು ಬಿಟ್ಟ ಹೊಗೆಸೊಪ್ಪನ್ನು ಮಾವ ಮತ್ತೆ ಮುಟ್ಟಲಿಲ್ಲ. ಅತ್ತೆ ಮೂವತ್ತು ವರ್ಷ ಬೈದು ಬಿಡಿಸಲಾಗದ್ದನ್ನು ಒಂದು ಟಾರ್ಚು ಬಿಡಿಸಿತು.

ಅರವತ್ತೈದಾದ ಮೇಲೆ ಒಂದು ವರ್ಷ ಡಾಕ್ಟರು, "ರಾತ್ರಿ ಎಷ್ಟು ಸಲ ಏಳ್ತೀರಾ ಯಜಮಾನ್ರೇ?" ಎಂದು ಕೇಳಿದರು. ಮಾವ ಚಾವಣಿ ನೋಡಿದರು, ಗಡಿಯಾರ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಎದ್ದು ಹೊರಗೆ ಹೋದೆ. ಹತ್ತು ನಿಮಿಷದ ನಂತರ ಬಂದವರು, "ನಾಕೈದು ಸಲ ಅಂದೆ. ಅದಕ್ಕೂ ಮಾತ್ರೆ ಐತಂತೆ ಕಣೋ! ಮೊದ್ಲೇ ಹೇಳಕ್ಕೇನಾಗಿತ್ತು ಇವ್ರಿಗೆ?" ಎಂದು ಡಾಕ್ಟರ ಮೇಲೆಯೇ ತಪ್ಪು ಹೊರಿಸಿದರು. ಎರಡು ವರ್ಷದಿಂದ ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಇಷ್ಟೆಲ್ಲ ಆಗಿಯೂ ಪ್ರತಿ ಹುಟ್ಟುಹಬ್ಬಕ್ಕೆ ನನಗೆ ಒಳಗೊಳಗೇ ಒಂದು ಲೆಕ್ಕ ನಡೆಯುತ್ತಿತ್ತು, ಅಪ್ಪನ ವಯಸ್ಸಿಗೆ ಇನ್ನೆಷ್ಟು ದೂರ ಎಂದು. ಹೋದ ವರ್ಷವಿಡೀ ಐವತ್ತೊಂದಾಗಿ ಬದುಕಿದೆ. ಎದೆಯಲ್ಲಿ ಚುಳ್ಳೆಂದರೂ ಕೂತುಬಿಡುತ್ತಿದ್ದೆ. ಇಸಿಜಿ ಮಾಡಿಸಿದೆ, ಡಾಕ್ಟರು ಹೇಳಿದ್ದನ್ನೆಲ್ಲ ಮಾಡಿಸಿದೆ. ಹೆದರಿಕೆ ಪೂರ್ತಿ ಹೋಗಲಿಲ್ಲ, ಆದರೆ ಅದನ್ನು ಹಿಡಿದುಕೊಂಡು ಎಲ್ಲಿಗೆ ಹೋಗಬೇಕು ಎನ್ನುವುದು ಗೊತ್ತಿತ್ತು.

ಇವತ್ತು ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋದವನು ನನ್ನ ಮಗ ಚೇತನ. ಇಪ್ಪತ್ತನಾಲ್ಕು ವರ್ಷದವನು, ಹಳೇಬೀಡಿನಲ್ಲಿ ಬೈಕ್ ಗ್ಯಾರೇಜು ಇಟ್ಟಿದ್ದಾನೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸದವರನ್ನು ಹಿಡಿದು ಬೈಯುತ್ತಾನೆ. ದಾರಿಯಲ್ಲಿ ಮಾದಿಹಳ್ಳಿಯಲ್ಲಿ ಮಾವನನ್ನು ಹತ್ತಿಸಿಕೊಂಡೆವು. ಅವರಿಗೀಗ ಎಪ್ಪತ್ತನಾಲ್ಕು. ಆಸ್ಪತ್ರೆಯ ಮುಂದೆ ಇಳಿದಾಗ ಚೇತನ, "ಬೇಗ ಮುಗ್ಸಿ ಅಪ್ಪಾ, ಗ್ಯಾರೇಜಲ್ಲಿ ನಾಲ್ಕು ಗಾಡಿ ನಿಂತಿದಾವೆ," ಎಂದ.

"ನೀನೂ ತೋರ್ಸ್ಕೋ ಬಾರ್ಲಾ," ಎಂದರು ಮಾವ.

"ನಂಗೇನಾಗಿದೆ ತಾತ? ನಾನು ಜಸ್ಟ್ ಡ್ರೈವರ್ ಇವತ್ತು."

ಇವನಿಗೂ ಏನಾದರೊಂದು ಉಪಾಯ ಹೂಡಬೇಕು ಎಂದು ನಾನು ಯೋಚಿಸುತ್ತಿದ್ದೆ. ಮಾವ ಉಪಾಯದ ಗೊಡವೆಗೆ ಹೋಗಲಿಲ್ಲ. ಮರದ ನೆರಳಿಗೆ ಅವನನ್ನು ಕರೆದು ನಿಲ್ಲಿಸಿಕೊಂಡು ಅರಸೀಕೆರೆಯ ಆ ದಿನವನ್ನು ಹೇಳಿದರು. ಹರಾಜು ಮುಗಿಯಲಿ ಎಂದು ತಾವು ಆಡಿದ ಮಾತನ್ನೂ ಬಿಡಲಿಲ್ಲ. ಈ ಸಲ ಅವರ ಕೈ ಹೆಗಲ ಮೇಲಿನ ಟವೆಲ್ಲಿಗೆ ಹೋಗಲಿಲ್ಲ.

ಚೇತನ ನನ್ನ ಕಡೆ ತಿರುಗಿದ. "ನಿಮ್ಮಪ್ಪಂಗೆ ಆಗ ಎಷ್ಟು ವಯಸ್ಸು ಅಪ್ಪಾ?"

"ಐವತ್ತೊಂದು."

"ನಿಮಗೀಗ?"

"ಐವತ್ತೆರಡು."

ಅವನು ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟು ಸೀದಾ ಕಿಟಕಿಯ ಸಾಲಿಗೆ ಹೋಗಿ ನಿಂತ. ಅವನ ಸರದಿ ಬಂತು. ಬಗ್ಗಿ ತನ್ನ ಹೆಸರು ಹೇಳಿದ, ವಯಸ್ಸು ಹೇಳಿದ, ಚೀಟಿ ಹಿಡಿದು ಬಂದು ನಮ್ಮಿಬ್ಬರ ನಡುವೆ ಕೂತ. ಮಾವ ಅವನ ಬೆನ್ನ ಮೇಲೆ ಕೈಯಿಟ್ಟರು. ನನಗೆ ಕಣ್ಣು ತುಂಬಿ ಬಂತು. ನಮ್ಮ ಮನೆತನದಲ್ಲಿ ಯಾರ ನೆಪವೂ ಇಲ್ಲದೆ, ತನ್ನ ಬಾಯಿಂದಲೇ ತನ್ನ ಹೆಸರು ಹೇಳಿ ಚೀಟಿ ಬರೆಸಿಕೊಂಡ ಮೊದಲ ಗಂಡಸು ಅವನು.