ಕಾರಣ ಕೇಳಿದ ನೋಟಿಸು

ನನಗೆ ಕಿವಿ ಮಂದ ಎಂಬುದು ಮನೆಯವರಿಗೆ ಗೊತ್ತಾದದ್ದು ನಾನು ಎರಡನೇ ಇಯತ್ತೆಗೆ ಬಂದ ಮೇಲೆ. ಅದಕ್ಕೆ ಅವರನ್ನು ದೂರುವಂತಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ದಿನವಿಡೀ ಪಾವರ್‌ಲೂಮುಗಳು ಖಟಖಟ ಎನ್ನುತ್ತಿರುತ್ತವೆ. ನಮ್ಮ ಮನೆಯಲ್ಲೇ ನಾಲ್ಕು ಮಗ್ಗ. ಆ ಸದ್ದಿನಲ್ಲಿ ಯಾರೂ ಯಾರ ಮಾತನ್ನೂ ಕಿವಿಯಿಂದ ಕೇಳುವುದಿಲ್ಲ. ತುಟಿ ನೋಡುತ್ತಾರೆ, ಕೈಸನ್ನೆ ನೋಡುತ್ತಾರೆ. ಮಗ್ಗದ ಆಚೆಯಿಂದ ಅವ್ವ ಬಾಯಿ ಅಗಲಿಸಿ ‘ಚಾ’ ಎಂದರೆ ನಾನು ಚಹಾ ತಂದು ಕೊಡುತ್ತಿದ್ದೆ. ಎಲ್ಲರೂ ಕಿವುಡರಂತೆ ಬದುಕುವ ಮನೆಯಲ್ಲಿ ನಿಜವಾದ ಕಿವುಡಿಯೊಬ್ಬಳು ಜಾಣೆ ಎನಿಸಿಕೊಂಡಿದ್ದಳು. ಸಾಲೆಯಲ್ಲಿ ಬಾಯಾರು ಹಲಗೆಯ ಕಡೆ ಮುಖ ಮಾಡಿ ಪಾಠ ಹೇಳತೊಡಗಿದಾಗ ನಾನು ಮೊದಲು ದಡ್ಡಿಯಾದೆ. ಡಾಕ್ಟರು ನೋಡಿದ ಮೇಲೆ ಕಿವುಡಿಯಾದೆ.

ಮುಂದೆ ನೌಕರಿ ಕೊಡಿಸಿದ್ದೂ ಆ ಡಾಕ್ಟರ ಕಾಗದವೇ. ಶ್ರವಣದೋಷ ಇರುವವರ ಮೀಸಲಾತಿಯಲ್ಲಿ ಜಮಖಂಡಿಯ ಒಂದು ಸರಕಾರಿ ಕಚೇರಿಯಲ್ಲಿ ನಾನು ಗುಮಾಸ್ತೆಯಾದೆ. ಮೊದಲ ದಿನ ನಮ್ಮ ಸಾಹೇಬರು ನೇಮಕಾತಿ ಆದೇಶ ಓದಿದರು. ‘ಅಂಗವಿಕಲ’ ಎಂಬ ಶಬ್ದದ ತನಕ ಬಂದು ಅಲ್ಲಿಗೆ ನಿಲ್ಲಿಸಿ, ನನ್ನ ಕಾಲುಗಳನ್ನು ನೋಡಿದರು.

“ಕುಂಡರ್ರಿ ಮೇಡಂ, ನಿಂದರಬ್ಯಾಡ್ರಿ” ಎಂದರು. “ನಿಮಗ ಅಡ್ಯಾಡೂ ಕೆಲಸ ಕೊಡೂದಿಲ್ಲ. ಕುಂತಲ್ಲೇ ಕುಂತು ಫೋನ್ ಎತ್ತಿದ್ರ ಆತು.”

ಒಳ್ಳೆಯ ಮನುಷ್ಯ. ಅವರಿಗೆ ತುಂಬಾ ದಪ್ಪನೆಯ ಮೀಸೆ ಇತ್ತು, ಮೇಲಿನ ತುಟಿ ಪೂರ್ತಿ ಅದರ ಕೆಳಗೆ ಅಡಗಿತ್ತು. ಇಷ್ಟು ಮಾತು ನನಗೆ ತಿಳಿಯಲು ಮೂರು ಸಲ ಹೇಳಿಸಬೇಕಾಯಿತು.

“ಸರ, ನನಗ ಕಾಲಿಂದೇನೂ ಇಲ್ರಿ. ಕಿವೀದೈತ್ರಿ” ಎಂದೆ.

“ಇರ್ಲಿ ಬಿಡ್ರಿ. ಎಲ್ಲಾ ಒಂದ ಕಾನೂನಿನಾಗ ಬರತಾವು.”

ಹೀಗೆ ನಾನು ಬಾಗಿಲ ಹತ್ತಿರದ ಮೇಜಿನಲ್ಲಿ, ಮೆತ್ತೆ ಹಾಕಿದ ಕುರ್ಚಿಯಲ್ಲಿ, ಲ್ಯಾಂಡ್‌ಲೈನಿನ ಮುಂದೆ ಕುಳಿತೆ. ನೆತ್ತಿಯ ಮೇಲೆ ಫ್ಯಾನು. ಕಿವಿಯಲ್ಲಿ ಮಷೀನು ಇತ್ತು, ಆದರೆ ಅದು ಮಾತನ್ನೂ ಫ್ಯಾನನ್ನೂ ಸಮಾನವಾಗಿ ದೊಡ್ಡದು ಮಾಡುತ್ತಿತ್ತು. ಆ ಕಚೇರಿಯಲ್ಲಿ ಭೇದಭಾವ ಮಾಡದೆ ಕೆಲಸ ಮಾಡುತ್ತಿದ್ದದ್ದು ಅದೊಂದೇ. ಎದುರಿಗೆ ಕುಳಿತವರ ತುಟಿ ಓದಬಲ್ಲೆ. ಫೋನಿಗೆ ತುಟಿ ಇಲ್ಲ. ತಿಂಗಳೊಳಗೆ ನಾನು ಹೋಗಿ, ಫೋನು ನನಗೆ ಆಗುವುದಿಲ್ಲ ಎಂದು ಹೇಳಿದೆ. ಸಾಹೇಬರು ಅದನ್ನು ಗಂಭೀರವಾಗಿಯೇ ತೆಗೆದುಕೊಂಡರು. ಎರಡೇ ದಿನದಲ್ಲಿ ಒಬ್ಬ ಬಂದು ಫೋನಿಗೆ ಸಾಲೆಯ ಗಂಟೆಯಂಥ ದೊಡ್ಡ ಬೆಲ್ಲು ಕೂಡಿಸಿ ಹೋದ. ಅದು ಬಾರಿಸಿದರೆ ಮೇಜು ನಡುಗುತ್ತಿತ್ತು, ಆಚೆಯ ಕೋಣೆಯವರ ಚಹಾ ಚೆಲ್ಲುತ್ತಿತ್ತು. ಫೋನು ಬಂದಿದೆ ಎಂಬುದು ಇಡೀ ಕಚೇರಿಯಲ್ಲಿ ಈಗ ನನಗೇ ಎಲ್ಲರಿಗಿಂತ ಮೊದಲು ಗೊತ್ತಾಗತೊಡಗಿತು. ಅದರಲ್ಲಿ ಏನು ಹೇಳುತ್ತಾರೆ ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಆಗ ಬರಹದಲ್ಲಿ ಅರ್ಜಿ ಕೊಟ್ಟೆ. ಫೋನಿನ ಬದಲು ಪತ್ರ ಬರೆಯುವ ಕೆಲಸ ಕೊಡಿ, ನನಗೆ ಹೇಳಬೇಕಾದದ್ದನ್ನು ಎದುರಿಗೆ ನಿಂತು ಹೇಳಿ ಅಥವಾ ಬರೆದು ಕೊಡಿ ಎಂದು. ಮೂರನೇ ದಿನ ಆ ಅರ್ಜಿ ನನ್ನ ಮೇಜಿಗೇ ಬಂತು. ಅಂಗವಿಕಲರ ವಿಷಯದ ಕಡತಗಳನ್ನು ಅಂಗವಿಕಲರೇ ನೋಡಿಕೊಂಡರೆ ಚಂದ ಎಂದು ಯಾರಿಗೋ ಅನಿಸಿ, ಆ ವಿಷಯದ ನಿರ್ವಾಹಕಿಯನ್ನಾಗಿ ನನ್ನನ್ನೇ ಮಾಡಿದ್ದರು. ಮೇಲೆ ಸಾಹೇಬರ ಕೈಬರಹ: ‘ಪರಿಶೀಲಿಸಿ ಮಂಡಿಸಿ.’

ಅಂಗವಿಕಲರ ಹಕ್ಕುಗಳ ಕಾನೂನನ್ನು ತರಿಸಿ ಮೊದಲಿನಿಂದ ಕೊನೆಯವರೆಗೆ ಓದಿದೆ. ನೌಕರರಿಗೆ ಅವರ ನ್ಯೂನತೆಗೆ ತಕ್ಕ ಅನುಕೂಲ ಮಾಡಿಕೊಡುವುದು ಕಚೇರಿಯ ಕರ್ತವ್ಯ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಟಿಪ್ಪಣಿ ಬರೆದೆ: ‘ಸದರಿ ಅರ್ಜಿದಾರರನ್ನು ಖುದ್ದಾಗಿ ವಿಚಾರಿಸಲಾಗಿ, ಅವರ ತೊಂದರೆ ನಿಜವಿರುವುದು ಕಂಡುಬಂದಿದೆ.’ ಬರೆಯುವಾಗ ನಗು ಬಂತು. ಆದರೂ ಸರಕಾರಿ ಭಾಷೆಯಲ್ಲಿ ನನ್ನ ಬಗ್ಗೆ ಯಾರೋ ‘ನಿಜ’ ಎಂದದ್ದು ಅದೇ ಮೊದಲು. ಸ್ವಲ್ಪ ಸಮಾಧಾನವೂ ಆಯಿತು.

ಕಡತ ತಿರುಗಿ ಬಂತು. ಅದರ ಮೇಲೆ ಒಂದೇ ಶಬ್ದ: ‘ಚರ್ಚಿಸಿ.’

ಸಾಹೇಬರ ಕೋಣೆಗೆ ಹೋದೆ. ಅಲ್ಲಿಯೂ ಫ್ಯಾನು. ಅವರು ಕಡತ ನೋಡುತ್ತ, ತಲೆ ತಗ್ಗಿಸಿಕೊಂಡು, ಮೀಸೆಯೊಳಗಿಂದ ಬಹಳ ಹೊತ್ತು ಮಾತಾಡಿದರು. ಕಿವಿ ಕೇಳದವರಿಗೆ ಒಂದು ಚಟ ಇರುತ್ತದೆ: ಗೋಣು ಹಾಕುವುದು. ಮೊದಲ ಸಲ ‘ಇನ್ನೊಮ್ಮೆ ಹೇಳ್ರಿ’ ಎಂದರೆ ಜನ ಹೇಳುತ್ತಾರೆ; ಎರಡನೇ ಸಲ ಮುಖ ಗಂಟಿಕ್ಕುತ್ತಾರೆ; ಮೂರನೇ ಸಲ ‘ಹೋಗ್ಲಿ ಬಿಡ್ರಿ’ ಎನ್ನುತ್ತಾರೆ. ಅದರ ಬದಲು ಗೋಣು ಹಾಕಿದರೆ ಎಲ್ಲರಿಗೂ ಸಂತೋಷ. ಅವರು ಮಾತು ನಿಲ್ಲಿಸಿ ನನ್ನ ಕಡೆ ನೋಡಿದಾಗೆಲ್ಲ ನಾನು ಗೋಣು ಹಾಕಿದೆ. ಕೊನೆಗೆ ಅವರು ನಕ್ಕರು, ನಾನೂ ನಕ್ಕೆ. ಸಂಜೆ ಕಡತ ಬಂತು: ‘ಚರ್ಚಿಸಲಾಗಿದೆ. ಅರ್ಜಿದಾರರು ಸದ್ಯದ ಕೆಲಸದಲ್ಲೇ ಮುಂದುವರಿಯಲು ಒಪ್ಪಿರುವುದರಿಂದ ಮುಕ್ತಾಯಗೊಳಿಸಿದೆ.’ ಕಡತವನ್ನು ಕಟ್ಟಿ ಕಪಾಟಿನಲ್ಲಿ ಇಡುವ ಕೆಲಸವೂ ನನ್ನದೇ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಬೆಲ್ಲು ಬಾರಿಸಿತು. ಸಾಹೇಬರ ಮೊಬೈಲು ಹತ್ತದ ಕಾರಣ ಜಿಲ್ಲಾ ಕಚೇರಿಯವರು ಲ್ಯಾಂಡ್‌ಲೈನಿಗೆ ಮಾಡಿದ್ದರು. ನಾಳೆ ಹನ್ನೊಂದಕ್ಕೆ ಮೀಟಿಂಗು ಎಂಬುದು ತಿಳಿಯಿತು. ಎಲ್ಲಿ? ಬ ಕೇಳಿಸಿತು, ಳ ಕೇಳಿಸಿತು, ಗ ಕೇಳಿಸಿತು. ಎರಡು ಸಲ ‘ಇನ್ನೊಮ್ಮೆ ಹೇಳ್ರಿ’ ಎಂದೆ. ಮೂರನೇ ಸಲಕ್ಕೆ ನಾಚಿಕೆಯಾಯಿತು. ದೊಡ್ಡ ಮೀಟಿಂಗು ದೊಡ್ಡ ಊರಲ್ಲೇ ಇರಬೇಕು ಎಂದುಕೊಂಡು ಚೀಟಿಯ ಮೇಲೆ ‘ಬೆಳಗಾವಿ’ ಎಂದು ಬರೆದೆ.

ಮೀಟಿಂಗು ಇದ್ದದ್ದು ಬೀಳಗಿಯಲ್ಲಿ. ಇಲ್ಲಿಂದ ಒಂದು ತಾಸಿನ ದಾರಿಯೂ ಅಲ್ಲ. ಸಾಹೇಬರು ಮಾತ್ರ ನಸುಕಿನಲ್ಲೇ ಎದ್ದು, ಇಸ್ತ್ರಿಯ ಅಂಗಿ ತೊಟ್ಟು, ಜೀಪು ಹತ್ತಿ ಬೆಳಗಾವಿಗೆ ಹೋಗಿ, ಅಲ್ಲಿಯ ಕಾವಲುಗಾರನಿಂದ ಇವತ್ತು ಯಾವ ಮೀಟಿಂಗೂ ಇಲ್ಲವೆಂದು ತಿಳಿದುಕೊಂಡರು. ಸಂಜೆ ಬಂದು ನನ್ನ ಮೇಜಿನ ಮುಂದೆ ನಿಂತು ಬೈದರು. ಅದರಲ್ಲಿ ಅರ್ಧ ಮೀಸೆಯಲ್ಲಿ ಹೋಯಿತು, ಇನ್ನರ್ಧ ಫ್ಯಾನಿನಲ್ಲಿ. ಸುತ್ತಲಿನವರ ಮುಖ ನೋಡಿದಾಗ ನನಗೆ ಕೇಳಿಸದೇ ಇದ್ದದ್ದು ಒಳ್ಳೆಯದೇ ಆಯಿತು ಎನಿಸಿತು. ಮರುದಿನ ನೋಟಿಸು ಬಂತು. ಈ ನೋಟಿಸಿಗೆ ನಮ್ಮಲ್ಲಿ ‘ಕಾರಣ ಕೇಳಿ ನೋಟಿಸು’ ಎನ್ನುತ್ತಾರೆ. ತಪ್ಪಿಗೆ ಕಾರಣವೇನೆಂದು ಮೂರು ದಿನದಲ್ಲಿ ತಿಳಿಸಬೇಕು. ನಾನು ಅರ್ಧ ಗಂಟೆಯಲ್ಲೇ ಉತ್ತರ ಕೊಟ್ಟೆ: ‘ಕಾರಣ: ಕೇಳಿಸಲಿಲ್ಲ.’ ಉದ್ಧಟತನ ಎಂದು ಕೆಲವರು ಹೇಳಿದರಂತೆ. ಹೆಚ್ಚು ಬರೆಯೋಣವೆಂದರೆ ಬೇರೆ ಕಾರಣವೇ ಇರಲಿಲ್ಲ.

ನನ್ನ ಮೇಲೆ ಸಿಟ್ಟಾಗದವರು ಒಬ್ಬರೇ, ಅಂದು ಜೀಪು ಹೊಡೆದುಕೊಂಡು ಹೋಗಿ ಬಂದ ಡ್ರೈವರ್ ಕಾಕಾ. ರಬಕವಿಯ ನೇಕಾರರ ಮನೆಯವರು. ಮಗ್ಗದ ಸದ್ದಿನಲ್ಲಿ ಬೆಳೆದವರಾದ್ದರಿಂದ ಎದುರಿಗೆ ನಿಂತು, ಬಾಯಿ ಪೂರ್ತಿ ತೆರೆದು ಮಾತಾಡುತ್ತಿದ್ದರು. ಇಡೀ ಕಚೇರಿಯಲ್ಲಿ ನನಗೆ ಕೇಳುತ್ತಿದ್ದ ಮನುಷ್ಯ ಎಂದರೆ ಅವರೊಬ್ಬರೇ.

“ತಪ್ಪ ನಂದೂ ಐತಿ ತಂಗಿ” ಎಂದಿದ್ದರು. “ಬೀಳಗಿಯೋ ಬೆಳಗಾಂವೋ ಅಂತ ನಾನೂ ಒಂದ ಮಾತ ಕೇಳಬೇಕಾಗಿತ್ತು. ಖರೆ ಹೇಳ್ತೇನಿ, ಈ ನೆವದಾಗ ಬೆಳಗಾಂವ ನೋಡಿ ಬಂದಂಗ ಆಕ್ಕೈತಿ ಅಂತ ಸುಮ್ನಾದೆ.”

ಮುಂದಿನ ವರ್ಷ ಕಾಕಾನ ಕಣ್ಣು ಕೈಕೊಟ್ಟಿತು. ಸಕ್ಕರೆ ಕಾಯಿಲೆ ಎಡಗಣ್ಣಿಗೆ ಇಳಿದಿತ್ತು. ಇನ್ನು ವಾಹನ ನಡೆಸಬಾರದೆಂದು ಡಾಕ್ಟರು ಬರೆದುಕೊಟ್ಟರು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಸಾಹೇಬರು ಇಲ್ಲಿಯೂ ಒಳ್ಳೆಯ ಮನುಷ್ಯರೇ. ಕಾಕಾನನ್ನು ಕರೆದು ಕೂಡಿಸಿ, ಚಹಾ ತರಿಸಿ, ಸ್ವಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಆರಾಮ ಇರಲು ಹೇಳಿದರು. ಅರ್ಜಿ ಬರೆದುಕೊಡಲು ಅಂಗವಿಕಲರ ವಿಷಯ ನಿರ್ವಾಹಕಿ ಇದ್ದೇ ಇದ್ದಳು.

ಕಾಕಾ ಬಂದು ನನ್ನೆದುರಿಗೆ ಕುಳಿತರು. “ಅರ್ಜಿ ನೀ ಬರದ ಕೊಡತಿ ಅಂದ್ರು ಸಾಹೇಬ್ರು. ಸಹಿ ಎಲ್ಲಿ ಮಾಡ್ಲಿ?”

“ಕಾಕಾ, ನಿಮಗ ನೌಕರಿ ಬಿಡೂದು ಐತೇನ್ರಿ?”

“ಗಾಡಿ ಹೊಡಿಯಾಕ ಬರೂದಿಲ್ಲ ಅಂದ ಮ್ಯಾಲ ಡ್ರೈವರಂದೇನ ಉಳೀತವಾ?”

ನಾನು ಅರ್ಜಿ ಬರೆಯಲಿಲ್ಲ. ಕಪಾಟಿನಿಂದ ಕಾನೂನಿನ ಪುಸ್ತಕ ತೆಗೆದೆ. ನನ್ನ ಅರ್ಜಿಗಾಗಿ ಓದುವಾಗ ಅದರ ಪಕ್ಕದಲ್ಲೇ ಇನ್ನೊಂದು ಮಾತು ಕಣ್ಣಿಗೆ ಬಿದ್ದಿತ್ತು: ಸರಕಾರಿ ನೌಕರಿಯಲ್ಲಿ ಇದ್ದಾಗ ಅಂಗವಿಕಲರಾದವರನ್ನು ತೆಗೆಯುವಂತಿಲ್ಲ, ಕೆಳಗಿಳಿಸುವಂತಿಲ್ಲ, ಮೊದಲಿನ ಕೆಲಸ ಆಗದಿದ್ದರೆ ಅದೇ ಪಗಾರದ ಬೇರೆ ಕೆಲಸ ಕೊಡಬೇಕು. ಅದನ್ನು ಕಾಕಾನಿಗೆ ಓದಿ ಹೇಳಿದೆ. ಅವರು ನಂಬಲಿಲ್ಲ.

“ಇದು ನಮ್ಮ ಆಫೀಸಿಗೂ ಹತ್ತತೈತೇನ?”

“ಹತ್ತತೈತ್ರಿ.”

“ಸಾಹೇಬ್ರಿಗೆ ಗೊತ್ತೈತಿ?”

“ಗೊತ್ತಿಲ್ಲಂತ ಕಾಣತೈತ್ರಿ. ನಾ ಬರದ ಇಡ್ತೇನಿ.”

ಬರೆದು ಇಟ್ಟೆ. ಕಡತ ತಿರುಗಿ ಬಂತು. ‘ಚರ್ಚಿಸಿ.’

ಹೋದ ಸಲವೂ ಇದೇ ಶಬ್ದ ಬಂದಿತ್ತು. ಗೋಣು ಹಾಕಿ ನನ್ನ ಅರ್ಜಿ ಮುಳುಗಿಸಿಕೊಂಡಿದ್ದೆ. ಅದು ನನ್ನ ಸ್ವಂತ ನಷ್ಟ. ಇವತ್ತು ಗೋಣು ಹಾಕಿದರೆ ಇನ್ನೊಬ್ಬರ ಅನ್ನ ಹೋಗುತ್ತದೆ. ಸಾಹೇಬರ ಕೋಣೆಗೆ ಹೋಗಿ ಮೊದಲು ಫ್ಯಾನು ಬಂದ್ ಮಾಡಿದೆ. ಆಮೇಲೆ ಸಾಹೇಬರ ಮುಂದೆ ಒಂದು ಬಿಳಿ ಹಾಳೆ ಮತ್ತು ಪೆನ್ನು ಇಟ್ಟೆ.

“ಯಾಕ್ರಿ, ಧಗಿ ಐತಿ” ಎಂದರು.

“ಸರ, ಫ್ಯಾನ್ ಹಚ್ಚಿದ್ರ ನನಗ ಫ್ಯಾನ್ ಅಷ್ಟ ಕೇಳತೈತ್ರಿ. ಅದು ಬಂದ್ ಆದ್ರೂ ನಿಮ್ಮ ಮೀಸಿ ಅಡ್ಡ ಬರತೈತ್ರಿ. ಹೇಳೂದನ್ನ ಬರದ ಕೊಡ್ರಿ.”

ಸಾಹೇಬರ ಕೈ ತಾನಾಗಿಯೇ ಮೀಸೆಗೆ ಹೋಯಿತು. ನಿಧಾನವಾಗಿ, ನನ್ನ ಮುಖ ನೋಡಿಕೊಂಡು ಕೇಳಿದರು: “ಹಂಗಾರ ಇಷ್ಟ ದಿನಾ ಗೋಣ ಹಾಕತಿದ್ರೆಲ್ಲಾ?”

“ಕೇಳಿಸಿದ್ದಕ್ಕಲ್ರೀ. ಹೆದರಿಕಿಗೆ ಹಾಕತಿದ್ದೆ.”

ಅವರು ಪೆನ್ನು ತೆಗೆದುಕೊಂಡರು. ‘ಕಣ್ಣು ಕಾಣದ ಡ್ರೈವರನನ್ನು ಇಟ್ಟುಕೊಂಡು ಏನು ಮಾಡುವುದು?’ ಎಂದು ಬರೆದರು. ಬರೆದದ್ದನ್ನು ತಾವೇ ಓದಿದರು, ಹೊಡೆದು ಹಾಕಿದರು. ‘ಅವರನ್ನು ಮನೆಗೆ’ ಎಂದು ಇನ್ನೊಂದು ಸಾಲು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಚಹಾ ಕುಡಿಸುತ್ತ ಬಾಯಿಂದ ಸಲೀಸಾಗಿ ಹೇಳಿದ ಮಾತು ಕಾಗದದ ಮೇಲೆ ತಮ್ಮದೇ ಅಕ್ಷರದಲ್ಲಿ ಕಂಡಾಗ ಅದಕ್ಕೆ ಸಹಿ ಮಾಡುವ ಧೈರ್ಯ ಅವರಿಗೆ ಬರಲಿಲ್ಲ. ಕೊನೆಗೆ ಬರೆದದ್ದು ಇದು: ‘ಬೇರೆ ಕೆಲಸ ಯಾವುದಿದೆ?’

ಕೆಳಗೆ ನಾನು ಬರೆದೆ: ‘ಫೋನು.’

ಫೋನು ಕಾಕಾನಿಗೆ ಹೋದರೆ ನನ್ನ ಗತಿ ಏನು ಎಂದು ಸಾಹೇಬರು ಕೇಳುವ ಮೊದಲೇ ನಾನು ನನ್ನ ಅರ್ಜಿಯ ಹಳೆಯ ಕಡತ ಮುಂದಿಟ್ಟೆ. ಅದನ್ನು ಕಪಾಟಿನಿಂದ ತಂದಿಟ್ಟುಕೊಂಡೇ ಒಳಗೆ ಹೋಗಿದ್ದೆ.

ಇಬ್ಬರ ಕೆಲಸ ಬದಲಿಸುವ ಪ್ರಸ್ತಾವ ಜಿಲ್ಲೆಗೆ ಹೋಗಿ, ಅಲ್ಲಿ ಮಲಗಿ, ಎದ್ದು, ಸುಮಾರು ಆರು ತಿಂಗಳಿಗೆ ಒಪ್ಪಿಗೆಯಾಗಿ ಬಂತು. ನಾನು ಪತ್ರವ್ಯವಹಾರದ ಮೇಜಿಗೆ ಹೋದೆ, ಕಾಕಾ ಮೆತ್ತೆಯ ಕುರ್ಚಿಗೆ ಬಂದರು. ಅದರಿಂದ ಎಲ್ಲರೂ ಸುಖವಾದರು ಎಂದೇನಿಲ್ಲ. ಕಾಕಾನಿಗೆ ಮೊದಮೊದಲು ಬಹಳ ಅವಮಾನವಾಗಿತ್ತು. ಇಪ್ಪತ್ತು ವರ್ಷ ಚಕ್ರ ಹಿಡಿದ ಕೈಗೆ ಫೋನಿನ ರಿಸೀವರು ಆಟಿಕೆಯಂತೆ ಕಾಣುತ್ತಿತ್ತು. ಅವರ ಅಕ್ಷರ ದೇವರಿಗೇ ಪ್ರೀತಿ, ಬಂದ ಸುದ್ದಿಯನ್ನು ಅವರು ಚೀಟಿಯಲ್ಲಿ ಬರೆದರೆ ನಾನು ಅದನ್ನು ಹಿಡಿದುಕೊಂಡು ಹೋಗಿ, “ಇದೇನ್ರಿ ಕಾಕಾ?” ಎಂದು ಕೇಳಬೇಕಾಗಿತ್ತು. ಅವರು ಬಾಯಿ ತೆರೆದು ಹೇಳುತ್ತಿದ್ದರು, ನಾನು ಚಂದ ಮಾಡಿ ಬರೆಯುತ್ತಿದ್ದೆ. ಒಬ್ಬರು ಮಾಡುವ ಕೆಲಸಕ್ಕೆ ಇಬ್ಬರು ಎಂದು ಕೆಲವರು ಆಡಿಕೊಂಡರು. ಆ ಕಚೇರಿಯಲ್ಲಿ ಹಾಗಿಲ್ಲದ ಕೆಲಸ ಯಾವುದಿತ್ತೆಂದು ನಾನು ಕೇಳಲಿಲ್ಲ.

ಸಾಹೇಬರು ಈ ವ್ಯವಸ್ಥೆಯನ್ನು ಜಿಲ್ಲೆಯ ಮೀಟಿಂಗಿನಲ್ಲಿ ತಾವೇ ವಿವರಿಸಿ ಮೆಚ್ಚುಗೆ ಪತ್ರ ತಂದರು. ‘ಅಂಗವಿಕಲಸ್ನೇಹಿ ಕಚೇರಿ’ ಎಂಬ ಬೋರ್ಡು ಬಂತು. ಅದನ್ನು ಗಾಲಿಕುರ್ಚಿಯ ಇಳಿಜಾರಿನ ಪಕ್ಕದಲ್ಲಿ ಹಾಕಿದ್ದಾರೆ. ಇಳಿಜಾರಿನ ಮೇಲೆ ಮೋಟರ್‌ಸೈಕಲ್ಲುಗಳು ನಿಂತಿರುವುದರಿಂದ ಅದನ್ನು ಓದಲು ಸ್ವಲ್ಪ ಬಗ್ಗಬೇಕು. ಆದರೆ ಒಂದು ಮಾತು ಹೇಳಲೇಬೇಕು: ಅಂದಿನಿಂದ ಸಾಹೇಬರು ನನ್ನ ಜೊತೆ ಮಾತಾಡುವಾಗ ತಾವೇ ಎದ್ದು ಫ್ಯಾನು ಆರಿಸುತ್ತಿದ್ದರು. ಮೀಸೆಗೆ ಮಾತ್ರ ಕತ್ತರಿ ಹಾಕಲಿಲ್ಲ. ಅದನ್ನು ಹಾಕಿಸುವ ಕಲಮು ಆ ಕಾನೂನಿನಲ್ಲಿ ಇಲ್ಲ.

ಜೀಪಿಗೆ ಗುತ್ತಿಗೆಯ ಮೇಲೆ ಹೊಸ ಡ್ರೈವರು ಬಂದಿದ್ದ. ಅವನು ಗಾಡಿ ಚಾಲೂ ಮಾಡಿದಾಗೆಲ್ಲ ಕಾಕಾ ಫೋನಿನ ಮೇಲಿನ ಗಮನ ಬಿಟ್ಟು ಕಿಟಕಿಯ ಕಡೆ ಕಿವಿ ಕೊಡುತ್ತಿದ್ದರು. ಒಂದು ದಿನ ಎದ್ದು ಹೋಗಿ, “ಕ್ಲಚ್ ಪ್ಲೇಟ್ ಹೋಗೈತಿ, ತೋರಸ್ರಿ” ಎಂದು ಸಾಹೇಬರಿಗೇ ಹೇಳಿದರು. ಕಣ್ಣು ಕಾಣದವನಿಗೆ ಹೇಗೆ ಕಂಡಿತು ಎಂದು ಹೊಸ ಡ್ರೈವರು ನಕ್ಕ. ಅದೇ ವಾರ ಮುಧೋಳದ ದಾರಿಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಜೀಪು ಕೆಟ್ಟು ನಿಂತಿತು. ಸಾಹೇಬರು ಕಚೇರಿಗೆ ಫೋನು ಮಾಡಿದರು. ಕಾಕಾ ಎತ್ತಿಕೊಂಡು ಎಲ್ಲ ಕೇಳಿ, ಹತ್ತಿರದಲ್ಲಿ ಯಾವ ಗ್ಯಾರೇಜು, ಅಲ್ಲಿ ಯಾರನ್ನು ಕರೆಯಬೇಕು, ಅವನು ಬರುವವರೆಗೆ ಗಾಡಿಯನ್ನು ಹೇಗೆ ಬದಿಗೆ ಸರಿಸಬೇಕು ಎಂಬುದನ್ನೆಲ್ಲ ಕುಳಿತಲ್ಲಿಂದಲೇ ಹೇಳಿದರು.

ಆಮೇಲೆ ನನ್ನ ಮೇಜಿಗೆ ಬಂದು, ಕುರ್ಚಿ ಎಳೆದುಕೊಂಡು, ನನ್ನ ಮುಖಕ್ಕೆ ಎದುರಾಗಿ ಕುಳಿತು ಅಷ್ಟನ್ನೂ ಮತ್ತೆ ಮೊದಲಿನಿಂದ ಹೇಳಿದರು. ಊಟದ ಹೊತ್ತಾಗಿತ್ತು. ಡಬ್ಬಿ ಬಿಚ್ಚಿ, ರೊಟ್ಟಿ ಮುರಿಯುತ್ತ, ಎರಡನೇ ಸಲವೂ ಹೇಳಿದರು.