ಅತ್ತೆ ಬಿಚ್ಚಿದ ಮುಡಿಪು

ಅತ್ತೆಯ ಟ್ರಂಕಿನ ತಳದಲ್ಲಿ, ಮಡಿಸಿಟ್ಟ ಸೀರೆಗಳ ಕೆಳಗೆ, ಅಂಗೈ ಅಗಲದ ಒಂದು ಬಟ್ಟೆ ಸಿಕ್ಕಿತು. ಅರಿಶಿನದಲ್ಲಿ ಅದ್ದಿ ಒಣಗಿಸಿದ್ದ ಬಟ್ಟೆ. ಬಣ್ಣ ಮಾಸಿತ್ತು, ವಾಸನೆ ಮಾಸಿರಲಿಲ್ಲ. ಗಂಟು ಹಾಕಿದ್ದ ಕಡೆ ಸುಕ್ಕುಗಳು ಹಾಗೇ ಇದ್ದವು. ಒಳಗೆ ಏನೂ ಇರಲಿಲ್ಲ.

ಅದು ಮುಡಿಪು. ಹರಕೆ ಹೊತ್ತವರು ದೇವರ ಹೆಸರಿನಲ್ಲಿ ಒಂದು ಕಾಸು ಕಟ್ಟಿ ಎತ್ತಿಡುವ ಗಂಟು. ಹರಕೆ ತೀರಿದ ಮೇಲೆ ದೇವಸ್ಥಾನಕ್ಕೆ ಒಯ್ದು ಒಪ್ಪಿಸಬೇಕು. ನಮ್ಮತ್ತೆ ಅದನ್ನು ಮನೆಯಲ್ಲೇ, ಹರಕೆ ತೀರುವ ಮೊದಲೇ ಬಿಚ್ಚಿದ್ದರು. ಅವತ್ತು ನಾನು ಅವರ ಎದುರಿಗೇ ನಿಂತಿದ್ದೆ...

ನಮ್ಮೂರು ನಿಡಘಟ್ಟದಿಂದ ಸ್ವಲ್ಪ ಒಳಕ್ಕಿದೆ. ನಾನು ಮದುವೆಯಾಗಿ ಬಂದಾಗ ಮನೆಯಲ್ಲಿದ್ದವರು ಇಬ್ಬರೇ, ಅತ್ತೆ ಮತ್ತು ನನ್ನ ಗಂಡ. ಮಾವ ಅದಕ್ಕೂ ಮುಂಚೆಯೇ ತೀರಿಕೊಂಡಿದ್ದರು. ಒಂದು ಕೋಣೆ, ಒಂದು ನಡುಮನೆ, ಹಿಂದೆ ಕೊಟ್ಟಿಗೆ. ನಮ್ಮವರು ಸ್ವಂತ ಹೊಲದ ಕೆಲಸ ಮುಗಿದ ಮೇಲೆ ಊರಾಚೆಯ ಆಲೆಮನೆಗೆ ಹೋಗುತ್ತಿದ್ದರು. ಅಲ್ಲಿ ಬೆಲ್ಲ ಕಾಯಿಸುವ ಕೊಪ್ಪರಿಗೆಯ ಕೆಳಗೆ ದೊಡ್ಡ ಒಲೆ. ಆ ಒಲೆಯ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಾ ಕೂರುವುದು ಅವರ ಕೆಲಸ.

ಮೊದಲ ವರ್ಷ ಯಾರೂ ಏನೂ ಕೇಳಲಿಲ್ಲ. ಎರಡನೆಯ ವರ್ಷದಿಂದ ನೀರು ಹಿಡಿಯುವ ಕಡೆ, ಹಾಲು ಹಾಕುವ ಕಡೆ ಒಂದೇ ಮಾತು. "ಏನಮ್ಮಿ, ಇಸೇಸ ಏನೂ ಇಲ್ವಾ?" ನಾನು ನಕ್ಕು ಮುಂದೆ ಹೋಗುತ್ತಿದ್ದೆ. ಸೀಮಂತದ ಮನೆಗಳಲ್ಲಿ ನನ್ನನ್ನು ಅಡುಗೆಮನೆಯ ಕೆಲಸಕ್ಕೆ ಕರೆಯುತ್ತಿದ್ದರು, ಆರತಿಗೆ ಕರೆಯುತ್ತಿರಲಿಲ್ಲ. ಪ್ರತಿ ತಿಂಗಳೂ ಮುಟ್ಟಾದಾಗ ಕೊಟ್ಟಿಗೆಗೆ ಹೋಗಿ ಒಬ್ಬಳೇ ಅಳುತ್ತಿದ್ದೆ. ಹಸುವಿಗೆ ಮಾತ್ರ ಗೊತ್ತಿತ್ತು.

ಮಾವನ ಅಕ್ಕ ಒಬ್ಬರಿದ್ದಾರೆ. ಚಿಕ್ಕರಸಿನಕೆರೆಗೆ ಕೊಟ್ಟ ಹೆಣ್ಣು. ನಾವೆಲ್ಲ ದೊಡ್ಡತ್ತೆ ಅನ್ನುತ್ತೇವೆ. ಅವರ ಮಾತೆಂದರೆ ನೆಂಟರಿಷ್ಟರಲ್ಲಿ ಯಾರೂ ಎದುರಾಡುವುದಿಲ್ಲ. ಮೂರನೆಯ ವರ್ಷ ಅವರೇ ಬಂದು ಕೂತು ನಮ್ಮತ್ತೆಗೆ ಹೇಳಿದರು.

"ನೋಡು ಕಣಮ್ಮಿ, ಮುತ್ತತ್ತಿರಾಯನ್‌ಗೆ ಮುಡಿಪು ಕಟ್ಟು. ತಿಂಗ್ಳು ತಿಂಗ್ಳೂ ಇವ್ಳು ತಲೆಗ್ ನೀರಾಕಂಡ್ ದಿನದಿಂದ ಮೂರು ಸನಿವಾರದ ಗಂಟ ಒಪ್ಪತ್ತು ಇರ್ಬೇಕು. ಗಂಡ ಮನೆವೊಳಗೆ ಮನಿಕಬಾರ್ದು. ಮೂರ್ನೇ ಸನಿವಾರ ಒಳೇಲಿ ಮುಳುಗಿ ಬರ್ಬೇಕು. ಕೂಸು ನಿಲ್ಲೋಗಂಟ ಬುಡಂಗಿಲ್ಲ."

ಮುತ್ತತ್ತಿಯ ಆ ಬ್ರಹ್ಮಚಾರಿ ದೇವರ ದೇವಸ್ಥಾನದಲ್ಲಿ ಯಾರೂ ಹೀಗೆ ಹೇಳಿದ್ದಲ್ಲ. ಅದು ದೊಡ್ಡತ್ತೆಯೇ ಮಾಡಿದ ಕಟ್ಟಳೆ. ಆದರೆ ಅತ್ತೆ ನಂಬಿದರು. ನಾನೂ ನಂಬಿದೆ. ಮುಟ್ಟು ಕಳೆದು ತಲೆಸ್ನಾನ ಮಾಡಿದ ದಿನ ನಮ್ಮವರು ಕಂಬಳಿ ಹೊತ್ತುಕೊಂಡು ಹೊಲದ ಪಂಪ್‌ಸೆಟ್ ಮನೆಗೆ ಹೋಗುತ್ತಿದ್ದರು. ನಾನು ಮಧ್ಯಾಹ್ನ ಒಂದು ಹೊತ್ತು ಉಣ್ಣುತ್ತಿದ್ದೆ. ಮೂರನೆಯ ಶನಿವಾರ ಅತ್ತೆ ಜೊತೆ ಮಳವಳ್ಳಿ ಕಡೆಯ ಬಸ್ಸು ಹತ್ತಿ ಮುತ್ತತ್ತಿಗೆ ಹೋಗಿ ಕಾವೇರಿಯಲ್ಲಿ ಮುಳುಗಿ ಬರುತ್ತಿದ್ದೆ. ನಮ್ಮವರು ಮನೆಗೆ ವಾಪಸು ಬಂದು ಕೆಲವು ದಿನ ಕಳೆಯುವಷ್ಟರಲ್ಲಿ ಮತ್ತೆ ಮುಟ್ಟು. ಮತ್ತೆ ಕಂಬಳಿ.

ಹೀಗೆ ಒಂದು ವರ್ಷದ ಮೇಲೆ ನಡೆಯಿತು. ಒಂದು ದಿನ ಕಬ್ಬಿನ ಗರಿ ಹೊತ್ತು ಬರುವಾಗ ಕಣ್ಣು ಕತ್ತಲಾಗಿ ಬದುವಿನ ಮೇಲೆ ಬಿದ್ದೆ. ಅತ್ತೆ ಮಾರನೆಯ ದಿನವೇ ನನ್ನನ್ನು ಮಂಡ್ಯಕ್ಕೆ ಕರೆದುಕೊಂಡು ಹೋದರು, ಒಬ್ಬ ಹೆಂಗಸು ಡಾಕ್ಟರ ಹತ್ತಿರ.

ಡಾಕ್ಟರು ರಕ್ತ ಕಡಿಮೆ ಇದೆ ಎಂದರು. ಮಕ್ಕಳೆಷ್ಟು ಎಂದು ಕೇಳಿದರು. ಇಲ್ಲ ಎಂದೆ. "ಗಂಡ ಹೆಂಡತಿ ಜೊತೆಗಿರ್ತೀರ ತಾನೆ?" ಎಂದಾಗ ನಾನು ನೆಲ ನೋಡಿದೆ. ಅತ್ತೆಯೇ ಉತ್ತರ ಕೊಟ್ಟರು. "ಇರ್ತರೆ ಕಣವ್ವ, ಹರಕೆ ಇಲ್ದಾಗ."

"ಏನು ಹರಕೆ?"

ಅತ್ತೆ ಎಲ್ಲವನ್ನೂ ಬಿಡಿಸಿ ಹೇಳಿದರು. ಒಂದು ತಿಂಗಳೂ ತಪ್ಪಿಸಿಲ್ಲ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಮುಂದಿನ ಮುಟ್ಟು ಬರುವುದಕ್ಕೆ ಸುಮಾರು ಎರಡು ವಾರ ಮುಂಚೆ ಹೆಣ್ಣಿನ ಅಂಡ ಬಿಡುಗಡೆಯಾಗುತ್ತದೆ, ಆ ದಿನ ಮತ್ತು ಅದರ ಹಿಂದಿನ ಕೆಲವು ದಿನ ಜೊತೆಗಿದ್ದರೆ ಮಾತ್ರ ಗರ್ಭ ನಿಲ್ಲುವ ಅವಕಾಶ, ಉಳಿದ ದಿನಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಎಂದು ನಿಧಾನವಾಗಿ ತಿಳಿಸಿದರು. ಹೊಟ್ಟೆ ತುಂಬ ಊಟ ಮಾಡಬೇಕು, ರಕ್ತ ಹೆಚ್ಚಬೇಕು, ಗಂಡನನ್ನೂ ಪರೀಕ್ಷೆಗೆ ಕಳಿಸಬೇಕು ಎಂದರು. "ಆಗೇ ಆಗತ್ತೆ ಅಂತ ನಾನು ಹೇಳಲ್ಲ. ಅವಕಾಶ ಜಾಸ್ತಿಯಾಗತ್ತೆ, ಅಷ್ಟೇ" ಎಂದೂ ಹೇಳಿದರು.

ವಾಪಸು ಬರುವ ಬಸ್ಸಿನಲ್ಲಿ ಅತ್ತೆ ಕಿಟಕಿಯಾಚೆ ನೋಡುತ್ತಾ ಬೆರಳು ಮಡಿಸಿ ಏನನ್ನೋ ಲೆಕ್ಕ ಹಾಕುತ್ತಿದ್ದರು. ಮದ್ದೂರಿನಲ್ಲಿ ಇಳಿದು ಊರ ಬಸ್ಸಿಗೆ ಕಾಯುತ್ತಿದ್ದಾಗ ತಟ್ಟನೆ ಹಣೆ ಚಚ್ಚಿಕೊಂಡರು.

"ಅಯ್ಯೋ ನನ್ ಬುದ್ಧಿಗ್ ಬೆಂಕಿ ಬೀಳ! ಕೂಸು ಬೇಕು ಅಂತ ಗಂಡನ್ನ ಪಂಪ್‌ಸೆಟ್ ಮನೇಲಿ ಮನುಗ್ಸಿದ್ನಲ್ಲಮ್ಮಿ! ಕೂಸೇನು ಪಂಪ್‌ಸೆಟ್‌ಗೆ ಉಟ್ತದಾ?"

ಬಸ್ ಸ್ಟ್ಯಾಂಡಿನ ಜನ ತಿರುಗಿ ನೋಡಿದರು. ಅತ್ತೆ ನಗುತ್ತಿದ್ದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರು ನಗು ನಿಂತ ಮೇಲೂ ನಿಲ್ಲಲಿಲ್ಲ... ಸೆರಗಲ್ಲಿ ಮುಖ ಒರೆಸಿಕೊಂಡು ಎದ್ದು ಹೋಗಿ ಎರಡು ವಡೆ ತಂದರು. ಒಂದನ್ನು ನನ್ನ ಕೈಗಿಟ್ಟರು.

"ಅತ್ತೆ, ಇವತ್ತು ಒಪ್ಪತ್ತು..."

"ತಿನ್ನು ಅಂದೆ."

ತಿಂದೆ. ಹೆದರಿಕೆ ನನಗೂ ಇತ್ತು, ಅವರಿಗೂ ಇತ್ತು. ಅತ್ತೆ ದೇವರನ್ನು ನಂಬದ ಹೆಂಗಸಲ್ಲ. ಬೆಳಗ್ಗೆ ಎದ್ದರೆ ಮೊದಲು ಮುತ್ತತ್ತಿರಾಯನ ಪಟಕ್ಕೇ ಕೈ ಮುಗಿಯುತ್ತಿದ್ದರು. ಅಂಥವರು ಮನೆಗೆ ಬಂದು ಕಾಲು ತೊಳೆದು, ದೇವರ ಗೂಡಿನಿಂದ ಮುಡಿಪು ತೆಗೆದು, ಪಟದ ಮುಂದೆ ನಿಂತು ಗಂಟು ಬಿಚ್ಚಿದರು.

"ಕಟ್ಟದೋಳು ನಾನು, ಬಿಚ್ಚೋಳೂ ನಾನೇ. ನಿನ್ ಕಾಸು ನಿಂಗೆ. ನನ್ ಸೊಸೆ ನಂಗೆ. ನೀನೋ ಮದ್ವೇನೇ ಆಗ್ದೋನು, ಗಂಡ ಎಂಡ್ರ ಇಚಾರ ನಿಂಗ್ಯಾಕೆ? ಸಿಟ್ಟಿದ್ರೆ ನನ್ ಮೇಲೆ ತೀರುಸ್ಕೊ."

ಕಾಸನ್ನು ಪಟದ ಮುಂದಿಟ್ಟರು. ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗಿ ಮುದ್ದೆ ತಿರುವಿ ನನಗೆ ಬಡಿಸಿದರು. ಸಂಜೆಯ ಹೊತ್ತು ನಾನು ಉಂಡದ್ದು ವರ್ಷದ ಮೇಲೆ ಅದೇ ಮೊದಲು ಎಂಬಂತೆ ಅನಿಸಿತು.

ನಮ್ಮವರು ಪರೀಕ್ಷೆಗೆ ಬರುವುದಿಲ್ಲ ಎಂದು ಹಟ ಹಿಡಿದರು. ಊರವರು ಆಡಿಕೊಳ್ಳುತ್ತಾರಂತೆ, ತನಗೇನೂ ಕೊರತೆ ಇಲ್ಲವಂತೆ. ಅತ್ತೆ ಅಂಗಳದಲ್ಲಿ ನಿಂತು, ಅಕ್ಕಪಕ್ಕದವರಿಗೂ ಕೇಳುವ ಹಾಗೆ ಕೇಳಿದರು. "ಅಸೂನ ಡಾಕ್ಟ್ರಿಗ್ ತೋರ್ಸಿ ಓರೀನ ಕೊಟ್ಗೇಲಿ ಬಚ್ಚಿಕ್ಕೋಕಾಯ್ತದೇನ್ಲಾ? ಎದ್ದೋಗ್ಲಾ." ನಮ್ಮವರು ಮುಖ ಕೆಂಪಗೆ ಮಾಡಿಕೊಂಡು ಹೋದರು.

ಪರೀಕ್ಷೆಯಲ್ಲಿ ಅವರಲ್ಲೂ ಸ್ವಲ್ಪ ಕೊರತೆ ಕಂಡಿತು. ಬೀಡಿ ಬಿಡಬೇಕು, ಒಲೆಯ ಕಾವಿನ ಮುಂದೆ ದಿನವಿಡೀ ಕೂರುವುದನ್ನು ಬಿಡಬೇಕು, ಆ ಕಾವು ಗಂಡಸಿನ ಬೀಜಕ್ಕೆ ಒಳ್ಳೆಯದಲ್ಲ ಎಂದರಂತೆ. ಅತ್ತೆ ಆಲೆಮನೆಗೇ ನಡೆದರು. ಯಜಮಾನರ ಮುಂದೆ ನಿಂತು, "ನಿನ್ ಬೆಲ್ಲ ಕಾಯ್ಲಿ ಅಂತ ನಮ್ ವಂಸ ಬೇಯಿಸ್ಬೇಡ ಕಣಪ್ಪ, ಅವ್ನ ಗಾಣದ ತಾವ್ಕೆ ಆಕು" ಎಂದರು. ಗಾಣಕ್ಕೆ ಕಬ್ಬು ಕೊಡುವ ಕೆಲಸ ಸಿಕ್ಕಿತು. ಬೀಡಿ ಮಾತ್ರ ಬಹಳ ಕಾಡಿತು. ಬಿಡುವುದು, ಸೇದುವುದು, ಮತ್ತೆ ಬಿಡುವುದು.

ನಾನು ಯಾವತ್ತೂ ಮರೆಯಲಾರದ್ದು ಇನ್ನೊಂದಿದೆ. ಡಾಕ್ಟರು ಹೇಳಿದ ಆ ನಡುವಿನ ದಿನಗಳು ಬಂದಾಗ ಅತ್ತೆ ಕತ್ತಲಾಗುವ ಮೊದಲೇ ಊಟ ಮುಗಿಸಿ, ಮಗನ ಕಂಬಳಿಯನ್ನು ತಾವು ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು.

"ಎಲ್ಲಿಗೆ ಅತ್ತೆ?"

"ಕರೆಂಟು ಯಾವಾಗ್ ಬತ್ತದೋ ಏನೋ, ಪಂಪ್‌ಸೆಟ್ ತಾವು ಮನಿಕತೀನಿ. ಕಬ್ಬಿಗೆ ನೀರ್ ಬುಟ್ಕಂಡ್ ಬೆಳಗ್ಗೆ ಬತ್ತೀನಿ."

ಮೋಟರಿಗೆ ತಾನೇ ಚಾಲೂ ಆಗುವ ಸ್ವಿಚ್ಚು ಹಾಕಿಸಿ ವರ್ಷವಾಗಿತ್ತು. ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಕೆಲವು ತಿಂಗಳ ಮೇಲೆ ಮುಟ್ಟು ನಿಂತಿತು. ಅತ್ತೆ ಯಾರಿಗೂ ಹೇಳಬೇಡ ಎಂದರು. ಆದರೆ ಅದು ಉಳಿಯಲಿಲ್ಲ. ಮೂರು ತಿಂಗಳು ತುಂಬುವ ಮೊದಲೇ ಹೋಯಿತು... ಆ ದಿನಗಳನ್ನು ಬರೆಯಲು ನನಗೆ ಈಗಲೂ ಆಗುವುದಿಲ್ಲ. ದೊಡ್ಡತ್ತೆಗೆ ಹೇಗೋ ಸುದ್ದಿ ಮುಟ್ಟಿ, ಬಂದರು. ಬಾಗಿಲಲ್ಲೇ ನಿಂತು, "ಮುಡಿಪು ಬಿಚ್ಚಿದ್ರೆ ಇನ್ನೇನಾಯ್ತದೆ? ಅನುಭವ್ಸಿ" ಎಂದರು.

ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ. ಅತ್ತೆಯ ದನಿ ಕೇಳಿಸಿತು. ಅವರು ಕೂಗಾಡಲಿಲ್ಲ.

"ಅರಕೆ ಮುರ್ದೋಳು ನಾನು ಅತ್ಗೆ. ಅವನ್ಗೆ ಸಿಟ್ಟು ಬಂದಿದ್ರೆ ನನ್ ಕುತ್ಗೆ ಇಸುಕೋನು. ಕಣ್ ಬುಡ್ದಿರೋ ಕೂಸಿನ್ ತಂಟೆಗೆ ಬರೋ ದೇವ್ರಲ್ಲ ಅವ್ನು. ಇಷ್ಟ್ ವರ್ಸ ಕೈ ಮುಗ್ದಿದೀಯ, ನಿಂಗೆ ಅವ್ನ ಪರಿಚಯವೇ ಇಲ್ಲ ಬುಡು."

ದೊಡ್ಡತ್ತೆ ನೀರೂ ಕುಡಿಯದೆ ಹೋದರು. ಅತ್ತೆ ನನ್ನ ಪಕ್ಕ ಬಂದು ಕೂತು ತಲೆ ಸವರಿದರು. "ಬಂದ್ರೆ ಬರ್ಲಿ ಕಣಮ್ಮಿ. ಬರ್ದಿದ್ರೆ ನೀನೇ ನಂಗೆ ಕೂಸು. ಎದ್ದು ಎಲ್ಡ್ ತುತ್ತು ಉಣ್ಣು" ಎಂದರು. ಆಮೇಲೆ ಮತ್ತೆ ಡಾಕ್ಟರ ಹತ್ತಿರ ಹೋದೆವು. ಹೀಗಾಗುವುದು ಬಹಳ ಹೆಂಗಸರಿಗೆ ಉಂಟು, ಯಾರ ತಪ್ಪೂ ಅಲ್ಲ ಎಂದು ಅವರು ಹೇಳಿದಾಗ ಅತ್ತೆ ನನ್ನ ಕಡೆ ತಿರುಗಿ, "ಕೇಳುಸ್ಕಂಡ್ಯಾ?" ಎಂದರು.

ಮುಂದಿನ ಕಬ್ಬಿನ ಕಟಾವಿನ ಹೊತ್ತಿಗೆ ಮತ್ತೆ ನಿಂತಿತು. ಈ ಸಲ ಉಳಿಯಿತು. ಹೆಣ್ಣು ಮಗು. ಅತ್ತೆ ಊರಿಗೆಲ್ಲ ಬೆಲ್ಲ ಹಂಚಿ, ಮಗುವನ್ನು ಎತ್ತಿಕೊಂಡು ಮುತ್ತತ್ತಿಗೂ ಹೋಗಿ ಬಂದರು. ಹರಕೆ ತೀರಿಸಲು ಅಲ್ಲ. "ಸುಮ್ನೆ ತೋರ್ಸಕಂಬರೋಕೆ" ಎಂದಿದ್ದರು.

ಹೋದ ತಿಂಗಳು ಅತ್ತೆಗೆ ಲಕ್ವ ಹೊಡೆಯಿತು. ಆಸ್ಪತ್ರೆಯಲ್ಲಿ ಬಲಗೈ ಬಿದ್ದುಹೋಗಿತ್ತು, ಬಾಯಿ ಸೊಟ್ಟಗಾಗಿತ್ತು. ಎಡಗೈಯಲ್ಲಿ ನನ್ನ ಕೈ ಹಿಡಿದು ಏನೋ ಹೇಳಲು ನೋಡಿದರು, ನನಗೆ ತಿಳಿಯಲಿಲ್ಲ. ಅಷ್ಟೊಂದು ಮಾತಾಡಿದವರ ಕೊನೆಯ ಮಾತು ನನಗೆ ತಿಳಿಯದೇ ಹೋಯಿತು...

ತಿಥಿಯ ದಿನ ದೊಡ್ಡತ್ತೆ ತಮ್ಮ ಸೊಸೆಯನ್ನು ಕರೆದುಕೊಂಡು ಬಂದಿದ್ದರು. ಊಟಕ್ಕೆ ಎಲೆ ಹಾಕಿದಾಗ ನಡುಮನೆಯಲ್ಲಿ ಎಲ್ಲರ ಮುಂದೆ ಹೇಳಿದರು. "ಮುಡಿಪು ಬಿಚ್ಚಿದ ಕೈಯೇ ಮೊದ್ಲು ಬಿತ್ತು ನೋಡ್ದ್ರಾ? ಮುತ್ತತ್ತೀಗ್ ಓಗಿ ತಪ್ಪುಕಾಣಿಕೆ ಆಕ್ಬುಡ್ರಿ. ಮಗೀಗೆ ತಟ್ಟದು ಬ್ಯಾಡ."

ನಮ್ಮವರು ನನ್ನ ಮುಖ ನೋಡಿದರು. ಅಲ್ಲಿಯವರೆಗೆ ಇಂಥ ಮಾತಿಗೆಲ್ಲ ಉತ್ತರ ಕೊಡುತ್ತಿದ್ದವರು ಅತ್ತೆ. ನಾನು ಬಡಿಸುತ್ತಿದ್ದ ಸಾರಿನ ಪಾತ್ರೆ ಕೆಳಗಿಟ್ಟೆ.

"ತಪ್ಪು ಮಾಡ್ದೋರು ತಪ್ಪುಕಾಣಿಕೆ ಆಕ್ಬೇಕು. ನಮ್ಮತ್ತೆ ತಪ್ಪು ಮಾಡಿಲ್ಲ. ನಾವು ಆಕಲ್ಲ."

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ದೊಡ್ಡತ್ತೆಯ ಪಕ್ಕದಲ್ಲಿದ್ದ ಸೊಸೆ ಎಲೆಗೆ ಕೈ ಹಾಕಿರಲಿಲ್ಲ. ಮದುವೆಯಾಗಿ ಎರಡು ವರ್ಷವಾದ ಹುಡುಗಿ, ಕೊರಳಿನ ಎಲುಬು ಕಾಣುತ್ತಿತ್ತು. ಬೆಳಗ್ಗೆ ಒಂದು ಹೊತ್ತು ಉಂಡಿದ್ದಾಳೆ, ಇನ್ನು ಉಣ್ಣುವಂತಿಲ್ಲ ಎಂದು ಯಾರೋ ಹೇಳಿದರು. ಅವಳಿಗೂ ಅದೇ ಹರಕೆ ಕಟ್ಟಿಸಿದ್ದಾರೆ ಎಂದು ನನಗೆ ಅರ್ಥವಾಯಿತು.

ಆಮೇಲೆ ಅವಳು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಬಂದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು.

"ಅಕ್ಕ, ನಿಮ್ಮ ಪರವಾಗಿ ನಿಮ್ಮತ್ತೆ ಮಾತಾಡುದ್ರು. ನಂಗೆ ಯಾರವ್ರೆ?"

"ನಾನಿವ್ನಿ" ಎಂದೆ.

ಅತ್ತೆಯನ್ನು ಗುಂಡಿಗೆ ಇಳಿಸಿದಾಗಲೂ, ಮಣ್ಣು ಹಾಕಿದಾಗಲೂ ಅವರು ಇಲ್ಲ ಎಂದು ನನಗೆ ಅನಿಸಿರಲಿಲ್ಲ. ಆ ಒಂದು ಮಾತು ನನ್ನ ಬಾಯಿಂದ ಬಂದಾಗ ಅನಿಸಿತು. ಅದನ್ನು ಹೇಳುವವರು ಇನ್ನು ಬೇರೆ ಯಾರೂ ಉಳಿದಿಲ್ಲ. ಹಿತ್ತಲಲ್ಲಿ ಇಬ್ಬರೂ ಅತ್ತೆವು.

ಬರುವ ಸೋಮವಾರ ಅವಳನ್ನು ಮಂಡ್ಯಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಆಗೇ ಆಗುತ್ತದೆ ಎಂದು ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಅವಳ ಗಂಡನಿಗೆ ಫೋನು ಮಾಡಿ, ನೀನೂ ಬರಬೇಕು ಎಂದಿದ್ದೇನೆ. ಅವನು ನಾಚಿಕೊಂಡು, ಅವ್ವ ಏನನ್ನುತ್ತಾಳೋ ಎಂದ. ನಾನು ಮೆಲ್ಲನೆ ಮಾತಾಡುವವಳು. ಅವತ್ತು ಮಾತ್ರ ಜೋರಾಗಿ, ಆಚೆ ಮನೆಯವರಿಗೂ ಕೇಳುವ ಹಾಗೆ ಹೇಳಿದೆ. "ನಿಮ್ಮವ್ವನ್ಗೆ ನಾನ್ ಏಳ್ತೀನಿ. ನೀನ್ ಬಸ್ ಅತ್ಲಾ."